ಆಮೆ ಮಾರ್ಕು

ಖರೀದಿ ಪತ್ರಕ್ಕೆ ಪೆನ್ನೇ ಬೇಕಾಗಲಿಲ್ಲ.
ಕಚೇರಿಯ ಕೆಂಪು ಕಣ್ಣಿನ ಡಬ್ಬಿಗೆ
ನಾರ್ವೇಕರರು ಹೆಬ್ಬೆಟ್ಟು ಒತ್ತಿದರು, ನಾನೂ ಒತ್ತಿದೆ.
ಮೂವತ್ತೆಂಟು ವರ್ಷ ಪೆನ್ನು ಮಾಡಿಸಿದ ಮನುಷ್ಯ
ಬೆರಳು ಪಂಚೆಗೆ ಒರೆಸಿಕೊಂಡು ನಕ್ಕರು:
"ಓದು ಬಾರದವರ ಹಾಗೆ ಮುಗೀತಲ್ಲ, ಬಾಯೆ."

ನನಗೆ ಬಂದದ್ದು
ಕೋಡಿಬಾಗದ ಹಂಚಿನ ಶೆಡ್ಡು,
ಉಪ್ಪುಗಾಳಿ ತಿಂದು ಉಳಿಸಿದ ಒಂದು ಲೇತು,
ಬಿಸ್ಕತ್ತಿನ ಡಬ್ಬದಲ್ಲಿ ಒಂದೂವರೆ ಕಿಲೊ ನಿಬ್ಬು.
ಪ್ರತಿಯೊಂದರ ಬೆನ್ನಿಗೂ ಸಾಸಿವೆಗಿಂತ ತುಸು ದೊಡ್ಡ ಆಮೆ,
ಕೂರ್ಮಗಡದ ಕಡೆ ನೋಡುತ್ತ
ಯಾರೋ ಯಾವಾಗಲೋ ಕೊರೆದ ಮುದ್ರೆ.
ಪಟ್ಟಿಯಲ್ಲಿ ಇಲ್ಲದ್ದು, ಇನಾಸ್.
ವಯಸ್ಸು ಎಪ್ಪತ್ತೊಂದು. ಬೀಗದಕೈ ಅವನ ಹತ್ತಿರವೇ ಇತ್ತು.

ಕೋರ್ಟಿನ ಎದುರು ಹದಿನಾರು ವರ್ಷ ಝೆರಾಕ್ಸ್ ತೆಗೆದವಳು ನಾನು,
ಜನರ ಸಹಿಯ ನೆರಳನ್ನು
ಪುಟಕ್ಕೆ ಒಂದು ರೂಪಾಯಿಯಂತೆ ಮಾರಿದವಳು.
ನೆರಳು ಸಾಕಾಯಿತು, ಬೆಳಕಿಗೆ ಬಂದೆ
ಅಂದರೆ ಚೆಂದ. ಆದರೆ ಸುಳ್ಳು.
ಅಗ್ಗಕ್ಕೆ ಸಿಕ್ಕಿತು, ತಗೊಂಡೆ.

ಅಕ್ಕನ ಮಗ ನಿತೇಶ ಹೇಳಿದ,
"ಆಮೆ ತೆಗಿ ಮೌಶಿ, ಸ್ಲೋ ಅಂತ ತಿಳೀತಾರೆ.
ಹಕ್ಕಿ ಇಡು, ಇಲ್ಲಾ ಡಾಲ್ಫಿನ್."
ಲೇತಿಗೆ ಸೀಮೆಎಣ್ಣೆ ಉಣಿಸುತ್ತಿದ್ದ ಇನಾಸ್
ತಿರುಗದೆಯೇ ಅಂದ:
"ಡಾಲ್ಫಿನ್ ದಡಕ್ಕೆ ಬಂತು ಅಂದರೆ ಸತ್ತಿದೆ ಅಂತ.
ಆಮೆ ಬರೋದು ಮೊಟ್ಟೆ ಇಡಲಿಕ್ಕೆ."
ಆ ಮಾತು ಅಲ್ಲಿಗೆ ನಿಂತಿತು.

ಎಬೊನೈಟ್ ದಂಡಕ್ಕೆ ಉಳಿ ತಾಗಿದ ದಿನ
ಓಣಿಯೆಲ್ಲ ಗಂಧಕ.
ಸೀಗಡಿ ಒಣಹಾಕಿದ ಪಕ್ಕದ ಮನೆಯವರೇ
ಮೂಗು ಮುಚ್ಚಿಕೊಂಡು ಬಂದು ಇಣುಕಿದರು.
ಕಪ್ಪು ಸುರುಳಿ ಬಿದ್ದೂ ಬಿದ್ದೂ
ಅವನ ಬರಿಗಾಲು ಮುಚ್ಚಿತು.
ನಾಲಗೆ ಕೊರೆಯುವುದನ್ನು ಮಾತ್ರ ಬಾಗಿಲು ಹಾಕಿಕೊಂಡು ಮಾಡಿದ,
ನಿಬ್ಬಿನ ಅಡಿಯ ನಾಲಗೆ:
ಗಾಳಿ ಒಳಗೆ ಹೋದಷ್ಟೇ ಶಾಯಿ ಹೊರಗೆ ಬಿಡಬೇಕಾದ್ದು.
"ದೇವರು ಮನುಷ್ಯನದ್ದಕ್ಕೆ ಈ ಗೀರು ಹಾಕಲೇ ಇಲ್ಲ."

ಕಪಾಟಿನ ತಳದಲ್ಲಿ ದೂರುಗಳ ಕಡತ.
ಯಾರೂ ಉತ್ತರಿಸದ ಇನ್‌ಲ್ಯಾಂಡುಗಳು,
ಅಂಚು ಅಂಚು ಗೆದ್ದಲು ಓದಿ ಮುಗಿಸಿದ್ದು.
ಎಲ್ಲರದ್ದೂ ಒಂದೇ ಮಾತು: ಸೋರುತ್ತದೆ.
ಕಸ್ಟಮ್ಸ್ ಗುಮಾಸ್ತನ ಅಂಗಿ. ಭಟ್ಟರೊಬ್ಬರ ಪಂಚಾಂಗ.
ಹಳದೀಪುರದ ಕುಮಾರಿ ಮುಕ್ತಾ ಶಾನಭಾಗ, 1973:
'ಲೆಕ್ಕದ ಪರೀಕ್ಷೆಯ ದಿನ ನನ್ನ ಬಿಳಿ ದಾವಣಿಗೆ
ನಿಮ್ಮ ಆಮೆಯಷ್ಟೇ ಅಲ್ಲ, ನಿಜವಾದ ಆಮೆಯಷ್ಟು ಕಲೆ.
ಹುಡುಗರು ನಕ್ಕರು.
ಏನು ಮಾಡುತ್ತೀರಿ ತಿಳಿಸಿ.'

ಏನು ಮಾಡುತ್ತೀರಿ ತಿಳಿಸಿ.
ನಾನು ಕೊಂಡ ಹೆಸರಿನೊಳಗೆ ಇದೂ ಇತ್ತಲ್ಲ,
ಪತ್ರದ ಯಾವ ಕಲಮಿನಲ್ಲೂ ಇಲ್ಲದಿದ್ದರೂ.
ಇನಾಸ್ ಬಹಳ ಹೊತ್ತು ಓದಿದ.
"ಕ್ಯಾಪಿನ ಮರೆ ಸರಿ ಕೂರುತ್ತಿರಲಿಲ್ಲ. ಗೊತ್ತಿತ್ತು.
ದೊಡ್ಡ ನಾರ್ವೇಕರರಿಗೆ ದಿನಕ್ಕೆ ನಲವತ್ತು ಬೇಕಿತ್ತು.
ನನಗೆ ಇಪ್ಪತ್ತು ವರ್ಷ."

ಹೊಸ ಲಾಟಿನ ಮೊದಲ ಪೆನ್ನು ಅಂಗಡಿಗೆ ಹೋಗಲಿಲ್ಲ.
ಹಳೆಯ ವಿಳಾಸಕ್ಕೇ ರಿಜಿಸ್ಟರ್ ಮಾಡಿದೆ,
ಐವತ್ತೊಂದು ವರ್ಷ ತಡವಾಗಿ.
ಜೊತೆಗಿಡುವ ಎರಡು ಸಾಲಿಗೆ ಮೂರು ಹಾಳೆ ಕೆಡಿಸಿದೆ;
ನನ್ನ ಅಕ್ಷರ ಹೇಗಿತ್ತೆಂದು ನನಗೇ ಮರೆತಿತ್ತು.

ಇಪ್ಪತ್ತು ದಿನ.
ಬೈತಖೋಲದಲ್ಲಿ ಬಂಗಡೆ ಬಂದು, ಅಗ್ಗವಾಗಿ, ಹೋಯಿತು.
ಆಮೇಲೊಂದು ಕಾರ್ಡು, ನೀಲಿ ಶಾಯಿ, ನೆಟ್ಟಗಿನ ಅಕ್ಷರ:

'ಪೆನ್ನು ತಲುಪಿತು.
ಆ ದಾವಣಿಯನ್ನು ಅಮ್ಮ ನೆಲ ಒರೆಸಲು ಇಟ್ಟುಕೊಂಡಳು.
ಲೆಕ್ಕದಲ್ಲಿ ಎಂಬತ್ತೆಂಟು ಬಂದಿತ್ತು,
ಅದನ್ನು ಆಗ ಬರೆದಿರಲಿಲ್ಲ.
ನಿಬ್ಬು ಹಾಯಾಗಿ ಓಡುತ್ತದೆ.
ಮೊನ್ನೆ ಬಸ್ಸಿನಲ್ಲಿ ಕುಮಟೆಗೆ ಹೋಗಿ ಬಂದು
ಕ್ಯಾಪು ತೆಗೆದರೆ ಒಳಗೆ ಒಂದು ಹನಿ.
ಏನು ಮಾಡುತ್ತೀರಿ ತಿಳಿಸಿ.'

ಓದಿ ಹೇಳಿದೆ.
ಇನಾಸ್ ಕನ್ನಡಕ ಹುಡುಕಿದ, ಹಣೆಯ ಮೇಲೇ ಇತ್ತು.
"ಒಂದೇ ಹನಿಯಾ?"
ಇನ್ನೊಮ್ಮೆ ಓದಿಸಿದ.
ಆಮೇಲೆ ಬಾಗಿಲು ಹಾಕಿಕೊಂಡ.